ಬಂಡೆಗೆ ಏರದ ನೀರು

ಬಿಳಿಗಲ್ದೊಡ್ಡಿ
12 ಫೆಬ್ರವರಿ 2023

ಕುಮಾರ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ಗಾಳಿಗೆ ಹೋಯಿತು. ಇಲ್ಲಿ ಸಿಗ್ನಲ್ ಬೇಕೆಂದರೆ ಬಂಡೆ ಹತ್ತಬೇಕು, ಹತ್ತಿದರೆ ಗಾಳಿ ಮಾತನ್ನು ಎಗರಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹಾಲಿನ ಗಾಡಿಯವರ ಕೈಲಿ ಕೊಟ್ಟರೆ ಹೂಗ್ಯಂನಲ್ಲಿ ಅಂಚೆ ಡಬ್ಬಕ್ಕೆ ಹಾಕುತ್ತಾರೆ.

ಸರ್ವೆಯವರು ಬಂದಿದ್ದರು. ನಮ್ಮ ಅಂಗನವಾಡಿಯ ಹಿಂದಿನ ಬಂಡೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಐದು ಹಳ್ಳಿಗೆ ನೀರು ಕೊಡುವ ದೊಡ್ಡ ತೊಟ್ಟಿ ಅಲ್ಲೇ ಬರುತ್ತದಂತೆ. ಫೈಲು ಈಗ ನಿನ್ನ ಮೇಜಿನ ಮೇಲಿದೆ ಎಂದು ಅವರೇ ಹೇಳಿದರು. ನಾನು ಯಾರಿಗೂ ಹೇಳಬಾರದೆಂದುಕೊಂಡಿದ್ದೆ. ಆದರೆ ಕೆಳಗಿನ ಕಣಿವೆಗೆ, ಕೊಲ್ಲಿಯ ಬಾವಿಗೆ ಇಳಿಯುವಾಗ ಪಕ್ಕದ ಮನೆಯ ಚಿಕ್ಕನಿಂಗಮ್ಮನಿಗೆ ಬಾಯಿಬಿಟ್ಟೆ. ಮುದುಕಿ ಕೊಡ ಕೆಳಗಿಟ್ಟು ನಿಂತುಬಿಟ್ಟಳು. “ನಿನ್ ತಮ್ಮ್ನೇ ಇಂಜಿನಿಯರ್ರು ಅಂದ್ಮೇಲೆ ನೀರು ಬಂದಂಗೇ ಕಣವ್ವ. ಇನ್ನು ಈ ಕೊಲ್ಲಿಗೆ ನಾನ್ಯಾಕ್ ಇಳೀಲಿ?” ಅಂದಳು. ಸಂಜೆಯೊಳಗೆ ದೊಡ್ಡಿಯ ಮನೆಮನೆಗೂ ಗೊತ್ತಾಗಿತ್ತು.

ನಿನ್ನ ಭಾವ ತೀರಿಹೋದ ಮೇಲೆ ಈ ಊರಿನಲ್ಲಿ ನನ್ನನ್ನು ‘ಟೀಚರಮ್ಮ’ ಎಂದು ಕರೆಯುತ್ತಾರೆ, ಗೌರವವೂ ಕೊಡುತ್ತಾರೆ. ಆದರೆ ಹೊರಗಿನಿಂದ ಬಂದವಳು ಹೊರಗಿನವಳೇ. ಅವತ್ತು ಮೊದಲ ಸಲ ಊರ ಹಿರಿಯರಾದ ಪುಟ್ಟಸಿದ್ದಯ್ಯನವರ ಮನೆಯಿಂದ ನನಗೆ ಹಬ್ಬದ ಊಟ ಕಳಿಸಿದರು. ಹಬ್ಬವೇ ಇರಲಿಲ್ಲ.

ಸರಿಯಾಗಿ ಊಟ ಮಾಡು.

ನಿನ್ನಕ್ಕ
ರತ್ನ

* * *

ಕೊಳ್ಳೇಗಾಲ
3 ಮಾರ್ಚ್ 2023

ಅಕ್ಕನಿಗೆ ನಮಸ್ಕಾರ.

ಕಾಗದ ಸೇರಿತು. ನಿನ್ನ ಅಕ್ಷರ ನೋಡಿದರೆ ಮಾಂಬಳ್ಳಿಯ ಮನೆಯಲ್ಲಿ ನೀನು ನನಗೆ ಮಗ್ಗಿ ಬರೆಸುತ್ತಿದ್ದದ್ದು ನೆನಪಾಗುತ್ತದೆ. ಅವ್ವ ಇಲ್ಲದ ಆ ಮನೆಯಲ್ಲಿ ನೀನು ಬರೆಸದಿದ್ದರೆ ನಾನು ಈ ಮೇಜಿಗೆ ಬರುತ್ತಿರಲಿಲ್ಲ.

ಫೈಲು ನನ್ನ ಹತ್ತಿರ ಬಂದಿರುವುದು ನಿಜ. ನಕ್ಷೆ ಮೊದಲೇ ಯಾರೋ ಮಾಡಿಟ್ಟದ್ದು. ನಾನು ಮತ್ತೆ ಲೆಕ್ಕ ಹಾಕುತ್ತಿದ್ದೇನೆ. ಕೆಲವು ಬದಲಾವಣೆ ಬೇಕಾಗಬಹುದು ಎನಿಸುತ್ತಿದೆ. ತೊಟ್ಟಿಯ ಜಾಗವೂ ಸ್ವಲ್ಪ ಬದಲಾಗಬಹುದು. ಇನ್ನೂ ಏನೂ ನಿರ್ಧಾರವಾಗಿಲ್ಲ, ಆದ್ದರಿಂದ ಊರಿನಲ್ಲಿ ಹೆಚ್ಚು ಹೇಳಬೇಡ.

ನನ್ನ ರೂಮಿನ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುವವರು ಬೆಳಿಗ್ಗೆಯಿಂದಲೇ ಒಲೆ ಹಚ್ಚುತ್ತಾರೆ. ಗೂಡು ಬೇಯುವ ವಾಸನೆ ಮೊದಲು ಸಹಿಸಲಾಗುತ್ತಿರಲಿಲ್ಲ, ಈಗ ಭಾನುವಾರ ಅದಿಲ್ಲದಿದ್ದರೆ ಬೀದಿಯಲ್ಲಿ ಯಾರೂ ಇಲ್ಲವೆನಿಸುತ್ತದೆ. ಮೆಸ್ಸಿನಲ್ಲಿ ಊಟ ಪರವಾಗಿಲ್ಲ.

ನಿನ್ನ
ಬಸವಕುಮಾರ

* * *

ಬಿಳಿಗಲ್ದೊಡ್ಡಿ
20 ಮಾರ್ಚ್ 2023

ಕುಮಾರ,

ನಿನ್ನ ಕಾಗದ ಓದಿ ನಗು ಬಂತು. ಇಷ್ಟಕ್ಕೆ ಯಾಕೆ ಸಂಕೋಚ? ಜಾಗ ಬದಲಾದರೆ ಬದಲಾಗಲಿ. ಕೆಂಪು ಗುರುತಿನ ಬಂಡೆಯಲ್ಲಿ ಬಿರುಕಿದೆ, ತೊಟ್ಟಿಯ ಭಾರ ತಡೆಯುವುದಿಲ್ಲ ಎಂದು ನೀನು ಕಂಡುಕೊಂಡಿರಬೇಕು ಅಂತ ಪುಟ್ಟಸಿದ್ದಯ್ಯ ಹೇಳಿದರು. ಅದಕ್ಕೆ ತಮ್ಮ ಹೊಲದ ಮೇಲಿನ ದಿಬ್ಬವನ್ನೇ ಬಿಟ್ಟುಕೊಡಲು ಒಪ್ಪಿದ್ದಾರೆ. “ನಿಮ್ ತಮ್ಮಯ್ಯಂಗೆ ಏಳಿ ಟೀಚರಮ್ಮ, ಜಾಗುಕ್ಕೆ ಯೋಚ್ನೆ ಬ್ಯಾಡ. ನಮ್ಮೊಲದಾಗೇ ಕಟ್ಲಿ” ಅಂದರು. ಹೋದ ವಾರ ಎಲ್ಲರೂ ಸೇರಿ ಅಲ್ಲಿನ ಲಂಟಾನ ಪೊದೆ ಕಡಿದು ನೆಲ ಸಮ ಮಾಡಿದರು. ಅವರ ಸೊಸೆ ದೀಪ, ಆರು ತಿಂಗಳ ಬಸುರಿ, ಅವಳೂ ಬುಟ್ಟಿ ಹಿಡಿದು ಬಂದಳು. ಬೇಡವೆಂದು ನಾನೇ ಗದರಿಸಿ ಕೂರಿಸಿದೆ.

ರಾಗಿ ಹಿಟ್ಟು, ಅವರೆಕಾಳು ಕಳಿಸಿದ್ದೇನೆ. ಬಸ್ಸಿನವರು ಹನೂರಿನಲ್ಲಿ ಇಳಿಸಿಬಿಡದಂತೆ ಹೇಳಿದ್ದೇನೆ. ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ತೆಗೆದುಕೋ.

ಅಕ್ಕ

* * *

ಕೊಳ್ಳೇಗಾಲ
30 ಏಪ್ರಿಲ್ 2023

ಅಕ್ಕ,

ಹಿಟ್ಟು, ಕಾಳು ಸಿಕ್ಕವು. ಉತ್ತರ ತಡವಾಯಿತು. ಕೆಲಸ ಹೆಚ್ಚು.

ಫೈಲು ಮೇಲಕ್ಕೆ ಹೋಗಿದೆ. ನಿನ್ನ ಊರಿನ ವಿಚಾರ ಬೇರೆ ಫೈಲಿನಲ್ಲಿ ಬರೆದು ಕಳಿಸಿದ್ದೇನೆ.

ಹೋದ ವಾರ ಬೇರೆ ಕಡೆಯ ಒಂದು ನೀರಿನ ಯೋಜನೆ ನೋಡಲು ಕಳಿಸಿದ್ದರು. ಊರು ಯಾವುದಾದರೇನು. ಎತ್ತರದ ತೊಟ್ಟಿ, ಆನೆಯಂಥ ಮೋಟರು. ಆ ಮೋಟರು ಶುರುವಾದರೆ ಸುತ್ತಿನ ಹೊಲಗಳ ಪಂಪ್‌ಸೆಟ್ಟುಗಳು ನರಳುತ್ತವೆ, ಮನೆಗಳ ದೀಪ ಕೆಂಪಗಾಗುತ್ತದೆ. ಕರೆಂಟಿನ ಬಿಲ್ಲು ಪಂಚಾಯಿತಿಯವರ ಕೈಮೀರಿ, ಕೊನೆಗೆ ನಿಲ್ಲಿಸಿಬಿಟ್ಟಿದ್ದಾರೆ. ತೊಟ್ಟಿಯ ಕೆಳಗೆ ಹುಡುಗರು ಗೋಲಿ ಆಡುತ್ತಿದ್ದರು. ಉದ್ಘಾಟನೆಯ ಕಲ್ಲು ಮಾತ್ರ ಹೊಳೆಯುತ್ತಿತ್ತು. ಅದನ್ನು ಕಟ್ಟಿದವರೂ ನನ್ನಂತೆ ಓದಿದವರೇ. ಹಿಂದಿರುಗಿದ ಮೇಲೆ ಊಟ ಸೇರಲಿಲ್ಲ.

ಬಸುರಿ ಹೆಂಗಸರನ್ನು ಆ ಕೆಲಸಕ್ಕೆ ಕರೆಯಬೇಡ. ಯಾರನ್ನೂ ಕರೆಯಬೇಡ. ನಾನು ಹೇಳುವವರೆಗೆ ಸುಮ್ಮನಿರಿ.

ಕುಮಾರ

* * *

ಬಿಳಿಗಲ್ದೊಡ್ಡಿ
18 ಜೂನ್ 2023

ಬಸವಕುಮಾರ್ ಅವರಿಗೆ,

ಕೆಳಗಿನ ಹುಣಸೆದೊಡ್ಡಿಯಲ್ಲಿ ಪೈಪು ಇಳಿಸಿದ್ದಾರೆ ಎಂದು ಕೇಳಿ ಪುಟ್ಟಸಿದ್ದಯ್ಯ, ನಾನು, ಇನ್ನಿಬ್ಬರು ಇಳಿದು ಹೋದೆವು. ಗುತ್ತಿಗೆದಾರರ ಕಡೆಯ ರಾಜಣ್ಣ ಎಂಬವನು ಕೊಡೆ ಹಿಡಿದು ನಿಂತಿದ್ದ. ನಮ್ಮ ಊರಿಗೆ ಯಾವಾಗ ಬರುತ್ತೀರಿ ಎಂದು ಪುಟ್ಟಸಿದ್ದಯ್ಯ ಕೇಳಿದರು.

“ನಿಮ್ಮೂರ್ಗಾ? ನಿಮ್ಮೂರು ಇದ್ರಲ್ಲಿ ಇಲ್ಲ ಕಣಯ್ಯ. ತೊಟ್ಟಿ ಇಲ್ಲೇ, ಹುಣಸೆದೊಡ್ಡಿ ದಿಬ್ಬದ್ ಮ್ಯಾಲೆ.”

“ಗುರುತು ಆಕವ್ರಲ್ಲ ಸಾ, ಕೆಂಪ್ ಬಣ್ಣದ್ದು?”

“ಅದು ಅಳೇ ಪ್ಲಾನು. ಇಂಜಿನಿಯರ್ರು ಬ್ಯಾಡ ಅಂದ್ರು. ನಮ್ಗೂ ದೊಡ್ ಮೋಟರ್ ಕೆಲ್ಸ ಓಯ್ತು, ನಮ್ಗೇನ್ ಸಂತೋಸ್ವಾ? ಬಸವಕುಮಾರ್ ಅಂತ, ಬಲು ಅಠದ ಮನ್ಸ. ಅವ್ರ್ನೇ ಕೇಳೋಗಿ.”

ನನ್ನ ಮುಖ ಯಾರೂ ನೋಡಲಿಲ್ಲ. ಅದೇ ಕಷ್ಟವಾದದ್ದು. ಗುಡ್ಡ ಹತ್ತಿದೆವು. ಮೇಲೆ ಬಂದ ಮೇಲೆ ಪುಟ್ಟಸಿದ್ದಯ್ಯ ತಿರುಗಿ, “ಇರ್ಲಿ ಬುಡಿ ಟೀಚರಮ್ಮ, ನೀವೇನ್ ಮಾಡೀರಿ” ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೇರೆಯವರ ಬಾಯಲ್ಲಿ ಕೇಳಿಸಿದೆಯಲ್ಲ, ಅದೊಂದಕ್ಕೆ ಉತ್ತರ ಕೊಡು. ಏಪ್ರಿಲ್‌ನಲ್ಲೇ ನಿನಗೆ ಗೊತ್ತಿತ್ತು. ಆ ಕಾಗದವನ್ನು ಮತ್ತೆ ತೆಗೆದು ಓದಿದೆ.

ರತ್ನ

* * *

ಕೊಳ್ಳೇಗಾಲ
2 ಜುಲೈ 2023

ಅಕ್ಕ,

ಏಪ್ರಿಲ್‌ನಲ್ಲೇ ಗೊತ್ತಿತ್ತು. ಮಾರ್ಚ್‌ನಲ್ಲೇ ಅನುಮಾನವಿತ್ತು. ಹೇಳಲು ಧೈರ್ಯ ಬರಲಿಲ್ಲ. ಅದಕ್ಕೆ ಬೇರೆ ಉತ್ತರವಿಲ್ಲ.

ಆದರೆ ಮಾಡಿದ್ದು ಯಾಕೆ ಎಂದು ನೀನು ಕೇಳಿಸಿಕೊಳ್ಳಬೇಕು.

ಹಳೆಯ ನಕ್ಷೆಯಲ್ಲಿ ಐದೂ ಹಳ್ಳಿಯ ನೀರನ್ನು ನಿಮ್ಮ ಬಂಡೆಗೆ ಏರಿಸಿ ಅಲ್ಲಿಂದ ಕೆಳಕ್ಕೆ ಬಿಡುವುದಿತ್ತು. ನಾಲ್ಕು ಹಳ್ಳಿ ಕೆಳಗಿವೆ, ನಿಮ್ಮದೊಂದೇ ಮೇಲೆ. ಪಡಸಾಲೆಯಲ್ಲಿ ಊಟಕ್ಕೆ ಕೂತವರಿಗೆ ಅನ್ನವನ್ನೆಲ್ಲ ಅಟ್ಟಕ್ಕೆ ಹೊತ್ತು, ಅಲ್ಲಿಂದ ಇಳಿಸಿ ಬಡಿಸಿದ ಹಾಗೆ. ಅಟ್ಟದ ಮೇಲೆ ಒಬ್ಬರೇ ಇದ್ದರೂ ದಿನಾ ಹೊರಬೇಕು, ಆ ಯೋಜನೆ ಬದುಕಿರುವಷ್ಟು ವರ್ಷ. ಆ ಮೋಟರು ಎಳೆಯುವ ಕರೆಂಟು ಎಲ್ಲಿಂದಲೋ ಸುಮ್ಮನೆ ಬರುವುದಿಲ್ಲ. ಅದೇ ಲೈನಿನಲ್ಲಿ ಯಾರದೋ ಹೊಲದ ಪಂಪು ನಿಲ್ಲುತ್ತದೆ, ಎಲ್ಲೋ ಕಲ್ಲಿದ್ದಲು ಉರಿಯುತ್ತದೆ. ದೊಡ್ಡ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಕೊಡುವ ಕೆಲವೇ ತಾಸಿನಲ್ಲಿ ಆ ಎತ್ತರಕ್ಕೆ ಅಷ್ಟು ನೀರು ಏರುವುದೂ ಇಲ್ಲ. ಬೇಸಿಗೆಯಲ್ಲಿ ಐದು ಹಳ್ಳಿಯೂ ಒಣಗುತ್ತಿದ್ದವು. ಅಂಥ ತೊಟ್ಟಿಯನ್ನು ಕಣ್ಣಾರೆ ನೋಡಿ ಬಂದೆ.

ತೊಟ್ಟಿಯನ್ನು ಹುಣಸೆದೊಡ್ಡಿ ದಿಬ್ಬಕ್ಕೆ ಇಳಿಸಿದರೆ ಚಿಕ್ಕ ಮೋಟರು ಸಾಕು. ನಾಲ್ಕು ಹಳ್ಳಿಗೆ ನೀರು ತಾನಾಗಿ ಇಳಿದು ಹೋಗುತ್ತದೆ. ನಿಮಗೆ ಬೇಕಾದಷ್ಟನ್ನು ಮಾತ್ರ ಅಲ್ಲಿಂದ ಮೇಲಕ್ಕೆ ತಳ್ಳಲು ಬಿಸಿಲಿನಲ್ಲಿ ಓಡುವ ಸಣ್ಣ ಪಂಪು. ಅದರ ನಕ್ಷೆಯನ್ನೂ ಅವತ್ತೇ ಮಾಡಿಕೊಟ್ಟೆ. ಆದರೆ ಅದು ಮಂಜೂರಾದ ಯೋಜನೆಯೊಳಗಿಲ್ಲ, ಬೇರೆ ಅನುಮೋದನೆ ಬೇಕು. ಅದು ಬರುತ್ತದೆ.

ನಮ್ಮ ಕಚೇರಿಯ ದೊಡ್ಡ ಸಾಹೇಬರು ಕರೆದು, “ನಿಮ್ಮಕ್ಕನ ಊರೇ ಅಲ್ವೇನ್ರೀ ಅದು? ಹಳೇದೇ ಇರ್ಲಿ ಬಿಡಿ. ನಿಮ್ಮನೆಯವರಿಗೂ ಒಳ್ಳೇದಾಗತ್ತೆ, ನಮಗೂ ತಲೆನೋವಿಲ್ಲ” ಅಂದರು. ಒಂದು ಸಹಿ ಹಾಕಿದ್ದರೆ ನಿನ್ನ ಬಂಡೆಯ ಮೇಲೆ ಈಗ ಕೆಲಸ ನಡೆಯುತ್ತಿತ್ತು. ಎರಡು ದಿನ ರಜೆ ಹಾಕಿ ರೂಮಿನಲ್ಲೇ ಕೂತಿದ್ದೆ. ನೀನು ಕೊಲ್ಲಿಗೆ ಇಳಿಯುವುದೇ ಕಣ್ಣಮುಂದೆ ಬರುತ್ತಿತ್ತು. ಆಮೇಲೆ ಹೋಗಿ ಆಗುವುದಿಲ್ಲ ಎಂದೆ.

ಬೈದಾದರೂ ಒಂದು ಕಾಗದ ಬರೆ.

ಕುಮಾರ

* * *

ಯಳಂದೂರು
15 ಸೆಪ್ಟೆಂಬರ್ 2023

ಅಕ್ಕ,

ಉತ್ತರ ಬರಲಿಲ್ಲ. ವಿಳಾಸ ಬದಲಾಗಿದೆ, ಮೇಲೆ ಬರೆದಿದ್ದೇನೆ. ಸ್ವಲ್ಪ ಕಾಲ ಇಲ್ಲಿನ ಕಚೇರಿಯಲ್ಲಿ ಇರಲು ಹೇಳಿದ್ದಾರೆ. ಕೆಲಸ ಹಗುರ. ಮಾಂಬಳ್ಳಿ ಹತ್ತಿರವೇ, ಆದರೆ ಅಲ್ಲಿ ನಮ್ಮವರು ಯಾರಿದ್ದಾರೆ, ಹೋಗಿಲ್ಲ.

ದೀಪಳಿಗೆ ಮಗುವಾಯಿತೆ?

ಕುಮಾರ

* * *

ಯಳಂದೂರು
10 ಜನವರಿ 2024

ಅಕ್ಕ,

ಹುಣಸೆದೊಡ್ಡಿಯ ತೊಟ್ಟಿ ತುಂಬಿ ನಾಲ್ಕು ಹಳ್ಳಿಗೂ ನೀರು ಹೋಗುತ್ತಿದೆಯಂತೆ. ಉದ್ಘಾಟನೆಗೆ ನನ್ನನ್ನು ಕರೆದಿರಲಿಲ್ಲ, ಪೇಪರಿನಲ್ಲಿ ಓದಿದೆ.

ನಿಮ್ಮ ಪಂಪಿನ ಫೈಲು ಆಕ್ಷೇಪಣೆ ಹಾಕಿಸಿಕೊಂಡು, ನಕ್ಷೆ ಮಾಡಿದವನೆಂದು ನನ್ನ ಹತ್ತಿರಕ್ಕೇ ವಾಪಸು ಬಂದಿದೆ. ಇಷ್ಟು ಕಡಿಮೆ ಮನೆಗಳಿಗೆ ಬೇರೆ ಪಂಪು ಯಾಕೆ ಎಂಬುದು ಪ್ರಶ್ನೆ. ಉತ್ತರ ಬರೆದು ಮತ್ತೆ ಕಳಿಸಿದ್ದೇನೆ. ಸಂಕ್ರಾಂತಿಗೆ ಬರಲೇ ಎಂದು ಕೇಳಬೇಕೆಂದಿದ್ದೆ. ನೀನು ಬಾ ಅನ್ನದೆ ಬರುವುದು ಹೇಗೆಂದು ಸುಮ್ಮನಾದೆ.

ಕುಮಾರ

* * *

ಬಿಳಿಗಲ್ದೊಡ್ಡಿ
4 ಮಾರ್ಚ್ 2024

ಮಾನ್ಯರೆ,

ರತ್ನ ಟೀಚರ್ ಅವರು ಹೇಳಿ ಬರೆಸಿದ್ದು. ತಾವು ಬರೆದ ಕಾಗದಗಳು ತಲುಪಿವೆ. ಇಲ್ಲಿ ಎಲ್ಲರೂ ಕ್ಷೇಮ. ಕೊಲ್ಲಿಯ ಬಾವಿ ಬತ್ತಿದೆ. ಹುಣಸೆದೊಡ್ಡಿಯ ನಲ್ಲಿಯಿಂದ ನೀರು ತರುತ್ತಿದ್ದೇವೆ. ನಾಲ್ಕು ಮನೆಯವರು ದೊಡ್ಡಿ ಬಿಟ್ಟು ಕೆಳಗೆ ಹೋಗಿ ಗುಡಿಸಲು ಹಾಕಿಕೊಂಡಿದ್ದಾರೆ. ತಾವು ಬರುವ ಅಗತ್ಯವಿಲ್ಲ. ಪಂಪು ಬಂದರೆ ತಿಳಿಸುವುದು.

ಇಂತಿ,
ರತ್ನ ಟೀಚರ್ ಪರವಾಗಿ

* * *

ಯಳಂದೂರು
14 ಮಾರ್ಚ್ 2024

ಅಕ್ಕ,

ಎಂಟು ತಿಂಗಳು ಕಾದದ್ದಕ್ಕೆ ಬೇರೆಯವರ ಅಕ್ಷರದಲ್ಲಿ ‘ಮಾನ್ಯರೆ’ ಎಂದು ಬಂತು. ನಿನ್ನ ಕೈಯಿಂದ ಎರಡು ಸಾಲು ಬರೆಯಲೂ ಆಗದಷ್ಟು ಅಸಹ್ಯವಾದೆನೆ? ನಾನು ಕದ್ದಿಲ್ಲ, ಲಂಚ ತಿಂದಿಲ್ಲ. ನಾಲ್ಕು ಹಳ್ಳಿಯವರು ನೀರು ಕುಡಿಯುತ್ತಿದ್ದಾರೆ. ಅವರಲ್ಲಿ ಒಬ್ಬರಿಗೂ ನನ್ನ ಹೆಸರು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಗೊತ್ತಿದ್ದವಳು ನೀನೊಬ್ಬಳು. ನಿನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೆ.

ಇನ್ನು ತೊಂದರೆ ಕೊಡುವುದಿಲ್ಲ.

ಬಸವಕುಮಾರ್

* * *

ಬಿಳಿಗಲ್ದೊಡ್ಡಿ
22 ಮಾರ್ಚ್ 2024

ಅಣ್ಣನವರಿಗೆ ನಮಸ್ಕಾರ.

ನಾನು ದೀಪ, ಪುಟ್ಟಸಿದ್ದಯ್ಯನವರ ಸೊಸೆ. ಹಿಂದಿನ ಕಾಗದ ಬರೆದದ್ದು ನಾನೇ. ಇದನ್ನು ಟೀಚರಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಅವರಿಗೆ ಓದಿ ಹೇಳಿದವಳೂ ನಾನೇ. ಕೊನೆಯವರೆಗೆ ಕೇಳಿ, “ಮಡ್ಸಿ ಇಡು” ಅಂದರು ಅಷ್ಟೆ.

ಫೆಬ್ರವರಿಯಲ್ಲಿ ಹುಣಸೆದೊಡ್ಡಿಯಿಂದ ಅಂಗನವಾಡಿಗೆ ನೀರು ಹೊತ್ತು ತರುವಾಗ ಟೀಚರು ಜಾರಿಕಲ್ಲಿನ ಹತ್ತಿರ ಬಿದ್ದರು. ಬಲಗೈ ಮೂಳೆ ಮುರಿದಿದೆ. ಹನೂರಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದೆವು. ಕನ್ನಡಕವೂ ಅವತ್ತೇ ಒಡೆಯಿತು. ನಿಮಗೆ ತಿಳಿಸೋಣ ಎಂದರೆ, “ಬ್ಯಾಡ ಕಣವ್ವ. ಈಗ ಕೈ ಮುರ್ದೋಯ್ತು ಅಂತ ಬರುದ್ರೆ ಅವ್ನು ತಾನ್ ಮಾಡಿದ್ದು ತಪ್ಪು ಅನ್ಕೊಂಡ್ಬುಡ್ತಾನೆ” ಅಂದರು. ಅದಕ್ಕೇ ನಾನು ಕಚೇರಿಗೆ ಬರೆಯುವ ಹಾಗೆ ಬರೆದೆ. ಹೇಗೆ ಬರೆಯಬೇಕೆಂದು ನನಗೆ ಗೊತ್ತಾಗಲಿಲ್ಲ. ತಪ್ಪಾಗಿದ್ದರೆ ನನ್ನದು.

ನಾವೂ ಕೆಳಗೆ ಹೋಗುತ್ತಿದ್ದೇವೆ. ಮಗು ಇದೆ, ದಿನಾ ಹತ್ತಿಳಿಯಲು ಆಗುವುದಿಲ್ಲ. ಆಮೇಲೆ ಇಲ್ಲಿ ಟೀಚರು, ಚಿಕ್ಕನಿಂಗಮ್ಮಜ್ಜಿ, ಇನ್ನೊಂದೆರಡು ಮನೆ. ನೀವೊಂದು ಸಲ ಬನ್ನಿ.

ದೀಪ

* * *

ಬಿಳಿಗಲ್ದೊಡ್ಡಿ
28 ಏಪ್ರಿಲ್ 2024

ಕುಮಾರ,

ಎಡಗೈಯಲ್ಲಿ ಬರೆದದ್ದು. ನೀನು ತಂದ ಕನ್ನಡಕ ಸರಿಯಾಗಿದೆ. ಅಕ್ಷರ ಸರಿಯಿಲ್ಲ, ಓದಿಕೋ.

ನೀನಿದ್ದ ಮೂರು ದಿನ ನಾವು ನೀರಿನ ವಿಷಯ ಬಿಟ್ಟು ಎಲ್ಲ ಮಾತಾಡಿದೆವು. ನೀನು ಬೆಳಿಗ್ಗೆ ಕೊಡ ತೆಗೆದುಕೊಂಡು ಇಳಿದೆ, ನಾನು ಬೇಡ ಅನ್ನಲಿಲ್ಲ. ಎರಡನೆಯ ಸಲ ಹತ್ತಿ ಬಂದಾಗ ನಿನ್ನ ಮುಖ ಸುಣ್ಣದ ಹಾಗಿತ್ತು. ಚಿಕ್ಕನಿಂಗಮ್ಮ ನಿನ್ನನ್ನು ಕೇಳಿಯೇಬಿಟ್ಟಳು, “ಏನ್ಲಾ ಮಗ, ನಿನ್ನ ಲೆಕ್ಕ್ದಾಗೆ ನಾನು ಇದ್ನೋ ಇಲ್ವೋ?” ಅಂತ. ನೀನು “ಇದ್ದೆ ಅಜ್ಜಿ” ಅಂದೆ. “ಎಲ್ಲಿದ್ದೆ?” ಅಂದಳು. ನೀನು ಖಾಲಿ ಕೊಡ ಎತ್ತಿಕೊಂಡು ಮತ್ತೆ ಇಳಿದೆ. ಅವಳು ಬೈಯಲು ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ನೀನು ಹೋದ ಮೇಲೆ ನನ್ನನ್ನೂ ಕೇಳಿದಳು. ಎರಡನೆಯ ಫೈಲಿನಲ್ಲಿ, ಪಂಪಿನದರಲ್ಲಿ ಇದ್ದೀಯ ಎಂದೆ. “ಅದು ಯಾವಾಗ್ ಬತ್ತದೆ?” ಅಂದಳು.

ಯಳಂದೂರಿಗೆ ಯಾಕೆ ಕಳಿಸಿದರು ಎಂದು ಕೇಳಿದ್ದಕ್ಕೆ ನೀನು ಮಾತು ಬದಲಿಸಿದೆ. ನಕ್ಷೆ ಮಾಡುವವನ ಕೈಯಲ್ಲಿ ಪೆನ್ಸಿಲಿನ ಮಸಿ ಇರುತ್ತಿತ್ತು, ಈಗ ಇಲ್ಲ. ನಿನ್ನಿಂದ ನಕ್ಷೆಯ ಕೆಲಸ ಕಿತ್ತುಕೊಂಡಿದ್ದಾರೆಂದು ನನಗೆ ಗೊತ್ತಾಯಿತು.

ನೀನು ಮಾಡಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಸರಿ ಎನ್ನಲು ಬಾಯಿ ಬರುವುದಿಲ್ಲ. ಎರಡೂ ನಿಜ. ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ.

ಅಕ್ಕ

* * *

ಹುಣಸೆದೊಡ್ಡಿ
8 ಡಿಸೆಂಬರ್ 2024

ಕುಮಾರ,

ವಿಳಾಸ ನೋಡಿದೆಯಾ? ಮಕ್ಕಳೆಲ್ಲ ಕೆಳಗೆ ಬಂದ ಮೇಲೆ ಮೇಲಿನ ಅಂಗನವಾಡಿ ಮುಚ್ಚಿ ನನ್ನನ್ನು ಇಲ್ಲಿಗೆ ಹಾಕಿದರು. ದೀಪಳ ಗುಡಿಸಲ ಪಕ್ಕದಲ್ಲೇ ಒಂದು ಕೋಣೆ. ಚಿಕ್ಕನಿಂಗಮ್ಮನನ್ನೂ ಒತ್ತಾಯ ಮಾಡಿ ಕರೆತಂದೆ. ದಿನವೂ ಗುಡ್ಡ ನೋಡುತ್ತಾ ಕೂರುತ್ತಾಳೆ.

ಒಂದು ವಿಷಯ ಬರೆಯಬೇಕು. ಹೋದ ವಾರ ಗಾಳಿಮಳೆಗೆ ಕಂಬ ಬಿದ್ದು ನಾಲ್ಕು ದಿನ ಕರೆಂಟಿರಲಿಲ್ಲ. ಕತ್ತಲಲ್ಲಿದ್ದೆವು. ಬೆಳಿಗ್ಗೆ ಅಭ್ಯಾಸಬಲದಿಂದ ನಲ್ಲಿ ತಿರುಗಿಸಿದೆ, ನೀರು ಬಂತು. ಎರಡನೆಯ ದಿನವೂ ಬಂತು, ಸಣ್ಣಗೆ. ಮೂರನೆಯ ದಿನವೂ ಬರುತ್ತಲೇ ಇತ್ತು, ದಿಬ್ಬದ ತೊಟ್ಟಿಯ ಕಡೆ ತಿರುಗಿ ನೋಡುತ್ತಾ ನಿಂತೆ. ಪಕ್ಕದವಳು, “ಯಾಕ್ ಟೀಚರಮ್ಮ ಅಂಗ್ ನೋಡ್ತೀರಿ?” ಅಂದಳು. ಇದನ್ನು ಕಟ್ಟಿದವರು ಯಾರು ಗೊತ್ತಾ ಎಂದೆ. “ಯಾರೋ ಗೌರ್ಮೆಂಟ್ನವ್ರು” ಅಂದು ಕೊಡ ಎತ್ತಿಕೊಂಡು ಹೋದಳು.

ಸಂಬಳದ ದಿನ ಗುಡ್ಡ ಹತ್ತಿ ಮನೆ ಗುಡಿಸಿ ಬರುತ್ತೇನೆ. ಬಾಗಿಲುಗಳಿಗೆಲ್ಲ ಬೀಗ. ಮಾತಾಡಿದರೆ ನನ್ನ ಧ್ವನಿಯೇ ಬಂಡೆಗೆ ಬಡಿದು ವಾಪಸು ಬರುತ್ತದೆ.

ಅಕ್ಕ

* * *

ಯಳಂದೂರು
16 ಫೆಬ್ರವರಿ 2025

ಅಕ್ಕ,

ಪಂಪು ಬಂತು. ಬಿಸಿಲಿನ ಸೋಲಾರ್ ಹಲಗೆ ಕೂರಿಸಿ, ಬಂಡೆಯ ಪಕ್ಕದಲ್ಲಿ ಸಣ್ಣ ತೊಟ್ಟಿ ಇಟ್ಟು, ಅಂಗನವಾಡಿಯ ಮುಂದೆ ನಲ್ಲಿ ಹಾಕಿದ್ದಾರೆ. ನೀನು ನೋಡಿರಬಹುದು. ಇಷ್ಟು ಕಾಲ ಕಾದ ಸುದ್ದಿ, ಆದರೆ ಕಾಗದ ಇಲ್ಲಿಗೆ ಮುಗಿಯುವುದಿಲ್ಲ.

ಅದರ ಪರಿಶೀಲನೆಯ ವರದಿ ಬರೆಯುವ ಕೆಲಸ ನನಗೇ ಬಂದಿದೆ. ಏಪ್ರಿಲ್ ಕೊನೆಗೆ ಕೊಡಬೇಕು. ಮೇಲೆ ಯಾರೂ ವಾಸವಿಲ್ಲ. ಕುಡಿಯುವವರಿಲ್ಲದ ನೀರನ್ನು ದಿನಾ ಗುಡ್ಡಕ್ಕೆ ತಳ್ಳುವ ಪಂಪನ್ನು ಅಲ್ಲೇ ಇರಲಿ ಎಂದು ನಾನು ಬರೆಯಲಾರೆ. ಮಲೆಯ ಅಂಚಿನಲ್ಲಿ ಇನ್ನೊಂದು ದೊಡ್ಡಿಯವರು ಇಂಥದ್ದಕ್ಕೇ ಅರ್ಜಿ ಹಾಕಿ ಕಾಯುತ್ತಿದ್ದಾರೆ. ನಿನ್ನ ಊರೆಂಬುದನ್ನು ಆವತ್ತು ಲೆಕ್ಕಕ್ಕೆ ಹಿಡಿಯಲಿಲ್ಲ. ನಿನ್ನ ಊರೆಂದು ಈಗ ಉಳಿಸಿದರೆ ಆವತ್ತು ಮಾಡಿದ್ದಕ್ಕೆ ಏನು ಅರ್ಥ?

ಇದನ್ನು ರಾಜಣ್ಣನ ಬಾಯಲ್ಲಿ ಕೇಳುವುದು ಬೇಡ ಎಂದು ಸಹಿ ಹಾಕುವ ಮುಂಚೆ ಬರೆಯುತ್ತಿದ್ದೇನೆ. ತಡವಾಗಿ ಬಂದದ್ದು ಪಂಪಿನ ತಪ್ಪಲ್ಲ. ಅದು ಮೊದಲ ಬೇಸಿಗೆಗೇ ಬಂದಿದ್ದರೆ ಯಾರೂ ಇಳಿಯುತ್ತಿರಲಿಲ್ಲ. ಬರುತ್ತದೆ ಎಂದು ನಾನು ಬರೆದೆ, ಯಾವಾಗ ಎಂದು ಗೊತ್ತಿಲ್ಲದೆ ಬರೆದೆ. ನಕ್ಷೆ ಎಳೆದವನಿಗೆ ನಕ್ಷೆ ಮುಗಿದ ಮೇಲೂ ಕೆಲಸವಿತ್ತು ಅಂತ ನನಗೆ ಗೊತ್ತಾದದ್ದು ನಿನ್ನ ಕೊಡ ಹೊತ್ತು ಹತ್ತಿದಾಗ.

ಏನು ಮಾಡಲಿ ಹೇಳು.

ಕುಮಾರ

* * *

ಬಿಳಿಗಲ್ದೊಡ್ಡಿ
9 ಮಾರ್ಚ್ 2025

ಕುಮಾರ,

ನೀನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಅದು ನಿನ್ನ ಕೆಲಸ. ನಾನು ಏನು ಮಾಡಿದೆ ಎಂದು ಹೇಳುತ್ತೇನೆ.

ನಿನ್ನ ಕಾಗದವನ್ನು ದೀಪಳ ಮನೆಯ ಜಗಲಿಯಲ್ಲಿ ಎಲ್ಲರ ಮುಂದೆ ಓದಿದೆ, ಒಂದು ಸಾಲೂ ಬಿಡದೆ. ಪುಟ್ಟಸಿದ್ದಯ್ಯ, “ಅವ್ರು ಏಳೋದು ನ್ಯಾಯ್ವೇ ಕಣವ್ವ. ಕುಡ್ಯೋರಿಲ್ದ ಮ್ಯಾಲೆ ಇನ್ನೊಬ್ರು ಕುಡೀಲಿ” ಅಂದರು. ದೀಪ, “ಮಗಿಗೆ ಇಲ್ಲಿ ಅಭ್ಯಾಸ ಆಗೋಯ್ತು ಟೀಚರ್, ಈಗೆಂಗ್ ಓಗನ?” ಅಂದಳು. ಅವಳದು ತಪ್ಪೆನ್ನಲಾರೆ. ಚಿಕ್ಕನಿಂಗಮ್ಮ ಮಾತ್ರ ಎದ್ದು ಒಳಗೆ ಹೋಗಿ ಸೀರೆ ಗಂಟು ಕಟ್ಟಿಕೊಂಡು ಬಂದಳು. “ನಾನ್ ಓಯ್ತೀನಿ. ನೀನ್ ಬತ್ತೀಯೋ ಇಲ್ವೋ?” ಅಂದಳು.

ಹೋದ ಭಾನುವಾರ ಇಬ್ಬರೂ ಹತ್ತಿ ಬಂದೆವು. ನಾನು ಬೆಳಿಗ್ಗೆ ಕೆಳಗಿನ ಅಂಗನವಾಡಿಗೆ ಇಳಿದು ಹೋಗಿ ಸಂಜೆ ಹತ್ತಿ ಬರುತ್ತೇನೆ. ಕೈಯಲ್ಲಿ ಕೊಡವಿಲ್ಲದ ಕಾರಣ ದಾರಿ ಅಷ್ಟು ದೂರವೆನಿಸುವುದಿಲ್ಲ.

ಬಂದ ದಿನ ನಲ್ಲಿ ತಿರುಗಿಸಿದೆ. ಮೊದಲು ಗಾಳಿ ಬಂತು, ಆಮೇಲೆ ತುಕ್ಕಿನ ಬಣ್ಣ, ಆಮೇಲೆ ತಿಳಿನೀರು. ಯಾರನ್ನಾದರೂ ಕರೆಯಬೇಕೆನಿಸಿತು. ಕರೆಯಲು ಚಿಕ್ಕನಿಂಗಮ್ಮ ಬಿಟ್ಟರೆ ಯಾರೂ ಇಲ್ಲ, ಅವಳು ಪಕ್ಕದಲ್ಲೇ ನಿಂತಿದ್ದಳು. ಸೆರಗು ಒದ್ದೆ ಮಾಡಿಕೊಂಡು ಮುಖ ಒರೆಸಿಕೊಂಡಳು. “ತಣ್ಗದೆ” ಅಂದಳು. ಇದ್ದ ಪಾತ್ರೆಗಳನ್ನೆಲ್ಲ ತುಂಬಿಸಿಟ್ಟು ನಲ್ಲಿ ಬಿಗಿಯಾಗಿ ನಿಲ್ಲಿಸಿದೆ.

ನಾವಿಬ್ಬರೇ ಇದ್ದೇವೆ, ಅದಕ್ಕೊಂದು ಪಂಪು ಬೇಕೆ ಎಂದು ನೀನು ಲೆಕ್ಕ ಹಾಕುತ್ತೀಯ. ಹಾಕು. ಏಪ್ರಿಲ್‌ನಲ್ಲಿ ಬಂದು ಕಣ್ಣಾರೆ ನೋಡಿ, ಇದ್ದದ್ದನ್ನು ಇದ್ದ ಹಾಗೆ ಬರೆ. ನನ್ನ ಸಲುವಾಗಿ ಒಂದು ಅಕ್ಷರವನ್ನೂ ಮೆತ್ತಗೆ ಮಾಡಬೇಡ. ಹಲಗೆ ಬಿಚ್ಚಿಕೊಂಡು ಹೋಗಬೇಕೆಂದು ಬರೆದರೆ, ಬಿಚ್ಚುವವರಿಗೆ ನಾನೇ ಊಟ ಹಾಕಿ ಕಳಿಸುತ್ತೇನೆ. ಇದು ಸಿಟ್ಟಿನಿಂದ ಹೇಳಿದ ಮಾತಲ್ಲ.

ನಿನ್ನೆ ಸಂಜೆ ಪುಟ್ಟಸಿದ್ದಯ್ಯ ಮೇಕೆಗಳನ್ನು ಹೊಡೆದುಕೊಂಡು ಮೇಲೆ ಬಂದಿದ್ದರು. ದೂರದಲ್ಲೇ ನಿಂತು, “ಬತ್ತಾದಾ?” ಅಂದರು. ಬರುತ್ತದೆ ಎಂದೆ. ಬೊಗಸೆಯಲ್ಲಿ ಕುಡಿದರು, ಮೇಕೆಗಳಿಗೆ ಬಾಣಲಿಯಲ್ಲಿ ಹಿಡಿದುಕೊಟ್ಟರು. ತಮ್ಮ ಮನೆಯ ಬೀಗವನ್ನೊಮ್ಮೆ ಎಳೆದು ನೋಡಿ, ಕತ್ತಲಾಗುವ ಮುಂಚೆ ಇಳಿದು ಹೋದರು. ಎಷ್ಟು ಜನ ಕುಡಿಯುತ್ತಾರೆ ಎಂದು ಬರೆಯುವಾಗ ಅವರನ್ನೂ ಸೇರಿಸಬಹುದಾ, ನೋಡು.

ಅಕ್ಕ